ದಾರಿಯಲ್ಲಿ ಕೆಂಪಾದ ಬೆಳಕು

ತನಗೆ ಅರ್ಥವಾಗದ್ದು ತನ್ನ ಕಣದಲ್ಲಿ ನಡೆಯಕೂಡದು ಎಂಬುದು ವಸ್ತಾರೆಯ ಪ್ಲಾಂಟರು ರುದ್ರಪ್ಪನವರ ಕಾನೂನು. ತುಂಗಾ ಟೀಚರಿಗೆ ಬೇಕಾದದ್ದೋ ಆ ಕಣವೇ.

ಎರಡು ಸಾವಿರದ ನಾಲ್ಕರ ಮಾರ್ಚ್. ಆಕಾಶದಲ್ಲೇ ತೇಲುವ ದೂರದರ್ಶಕವೊಂದು ತೆಗೆದ ಗೆಲಾಕ್ಸಿಗಳ ಚಿತ್ರ ಪೇಪರಿನಲ್ಲಿ ಬಂದಾಗಿನಿಂದ ತುಂಗಾ ನೆಲದ ಮೇಲೆ ನಿಂತಿರಲಿಲ್ಲ. ಮಕ್ಕಳ ಕೈಗೆ ಬಣ್ಣದ ಹಾಳೆ ಸುತ್ತಿದ ಟಾರ್ಚು ಕೊಟ್ಟು, ಹತ್ತಿರದ ಗೆಲಾಕ್ಸಿಯನ್ನು ಹತ್ತಿರ, ದೂರದ್ದನ್ನು ದೂರ ನಿಲ್ಲಿಸಿ ಊರಿಗೆಲ್ಲ ತೋರಿಸಬೇಕು. ಶಾಲೆಯ ಅಂಗಳ ಇಳಿಜಾರು, ಸಾಲದ್ದಕ್ಕೆ ಬೀದಿದೀಪ ಬೇರೆ. ಕಾಫಿ ಒಣಗಿಸುವ ಕಣದಷ್ಟು ಅಗಲ, ಕತ್ತಲು ಇನ್ನೆಲ್ಲಿ?

ರುದ್ರಪ್ಪನವರು ಜಗಲಿಯಲ್ಲಿ ಕೂತು ಎಲ್ಲ ಕೇಳಿದರು. ಆಮೇಲೆ ಅವಳು ತಂದಿದ್ದ ಕೆಂಪು ಹಾಳೆಯ ಟಾರ್ಚನ್ನು ಎತ್ತಿ ಹಿಡಿದರು.

"ಟೀಚ್ರೇ, ಎಳೇ ನಕ್ಷತ್ರದ ಬೆಳಕು ನೀಲಿ, ಮುದಿ ನಕ್ಷತ್ರದ್ದು ಕೆಂಪು ಅಂದ್ರಿ. ದೂರದ ಬೆಳಕು ಹೊರಟದ್ದು ಎಂದೋ, ಅದು ತೋರಿಸೋದು ಗೆಲಾಕ್ಸಿಯ ಬಾಲ್ಯ ಅಂದ್ರಿ. ಸರಿ. ಮತ್ತೆ ಎಲ್ಲಕ್ಕಿಂತ ದೂರದ್ದಕ್ಕೆ ಕೆಂಪು ಹಾಳೆ ಯಾಕೆ? ಹುಟ್ತಾನೇ ಮುದುಕನಾ?"

"ಟೀಚರ್‌ನ ಅಳಿಸ್ತೀರಾ?" ಒಳಗಿನಿಂದ ಅವರ ಹೆಂಡತಿ ತಿಮ್ಮಮ್ಮ ಕೂಗಿದರು. "ಒಣಹಾಕಿದ ಮೆಣಸು ಗುಡಿಸಿ ಕಣ ಕೊಡಿ ಅತ್ಲಾಗೆ."

"ಅರ್ಥ ಆಗ್ಲಿ. ಕೊಡ್ತೀನಿ."

ತುಂಗಾ ಸೈಕಲ್ ಟ್ಯೂಬಿನ ಪಟ್ಟಿಯ ಮೇಲೆ ಚಾಕ್‌ಪೀಸಿನಿಂದ ಅಲೆ ಬರೆದು ಎಳೆದು ತೋರಿಸಿದಳು. ಒತ್ತೊತ್ತಾದ ಅಲೆ ನೀಲಿ, ಹಿಗ್ಗಿದರೆ ಕೆಂಪು. ರುದ್ರಪ್ಪನವರು ಟ್ಯೂಬನ್ನೇ ನೋಡಿದರು. "ಇದು ಪಂಕ್ಚರ್ ಅಂಗಡಿ ವಿದ್ಯೆ."

ಕಣ ಕೈತಪ್ಪಿತು ಎಂದುಕೊಂಡು ತುಂಗಾ ತಲೆ ಎತ್ತಿದರೆ, ಜಗಲಿಯ ತೊಲೆಗೆ ತೂಗಿದ ಹಸಿರು ಬಾಳೆಗೊನೆ.

"ಕಡೂರಿಗೆ ಗೊನೆ ಕಳಿಸ್ತೀರಲ್ಲ ಸರ್, ಕಾಯಿಯೋ ಹಣ್ಣೋ?"

"ಕಾಯಿ. ಹಣ್ಣು ಕಳಿಸಿದ್ರೆ ದಾರೀಲೇ ಪಾಯಸ."

"ಅಲ್ಲಿ ಮಂಡಿ ದಾಟಿ ತಿನ್ನೋರ ಕೈ ಸೇರುವಾಗ?"

"ಹಳದಿ ತಿರುಗಿರುತ್ತೆ."

"ಅದನ್ನ ನೋಡಿ ಅವರು, ವಸ್ತಾರೆಯವರು ಹಣ್ಣಾದ ಗೊನೇನೇ ಕಡೀತಾರೆ ಅಂದ್ರೆ?"

"ದಡ್ಡರು! ದಾರಿ ಬಣ್ಣ ಅದು, ಅದನ್ನ ಕಳೆದು..." ಅಷ್ಟರಲ್ಲಿ ಅವರ ಕಣ್ಣು ಕೆಂಪು ಟಾರ್ಚಿನತ್ತ ಹೊರಳಿತು.

"ಬಾಳೆ ನಿಜವಾಗ್ಲೂ ಹಣ್ಣಾಗುತ್ತೆ," ಎಂದಳು ತುಂಗಾ. "ಬೆಳಕು ಹಾಗಲ್ಲ. ಅದು ಬರ್ತಾ ಇರುವಾಗ ದಾರಿಯೇ ಹಿಗ್ಗುತ್ತೆ, ಜೊತೆಗೆ ಅದೂ ಹಿಗ್ಗುತ್ತೆ. ಹೊರಟದ್ದು ನೀಲಿ, ತಲುಪಿದ್ದು ಕೆಂಪು."

"ಮೆಣಸು ಗುಡಿಸ್ರೋ!" ರುದ್ರಪ್ಪನವರ ಕೂಗಿಗೆ ಕಣದ ಕಾಗೆಗಳೆಲ್ಲ ಎದ್ದವು.

ಶುಕ್ರವಾರ ಮುಸ್ಸಂಜೆ ಊರೇ ನೆರೆದಿತ್ತು. ತುಂಗಾ ಭಾಷಣ ಬಾಯಿಪಾಠ ಮಾಡಿ ಬಂದಿದ್ದಳು. ಬಾಯಿ ತೆರೆಯಲು ಬಿಟ್ಟರೆ ತಾನೆ! ರುದ್ರಪ್ಪನವರು ಕಣದ ನಡುವೆ ನಿಂತುಬಿಟ್ಟಿದ್ದರು.

"ಈ ಹತ್ತಿರದ ಹಳದಿ ಇದೆಯಲ್ಲ, ಇದು ನಿಜಕ್ಕೂ ವಯಸ್ಸಾದದ್ದು. ಆ ತುದೀದು ಎಳೆಗೂಸು! ಕೆಂಪು ನೋಡಿ ಮೋಸ ಹೋಗ್ಬೇಡಿ ಮಾರಾಯ್ರೆ. ಹಚ್ಚಿಕೊಂಡು ಬಂದ ಬಣ್ಣ ಕಳೆದು ನೋಡಿ, ನಿಜವಾದ ವಯಸ್ಸು ತಿಳಿಯುತ್ತೆ!"

"ಅವರ ತಲೆಗೂದಲಿಗೂ ಅದೇ ಲೆಕ್ಕ," ಎಂದರು ತಿಮ್ಮಮ್ಮ.

ಕಣ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಕಡುಗಪ್ಪು ತಲೆಯ ರುದ್ರಪ್ಪನವರೇ.

ತುದಿಯಲ್ಲಿ ಕೆಂಪು ಟಾರ್ಚು ಹಿಡಿದ ಹುಡುಗಿಯೂ ನಗು ತಡೆಯಲಾರದೆ ಕೂತುಬಿಟ್ಟಿದ್ದಳು. ಎಳೆಗೂಸು ಆರಿಹೋದೀತೆಂದು ತುಂಗಾ ಕಣದ ತುದಿಗೆ ಓಡಿ, ಕೆಂಪು ಬೆಳಕನ್ನು ತಾನೇ ಎತ್ತಿ ಹಿಡಿದು ನಿಂತಳು. ಅವಳಿಗೂ ನಗು, ಗೆಲಾಕ್ಸಿ ಗಡಗಡ ನಡುಗುತ್ತಿತ್ತು.