ಕೇಶರಬಾಯಿ ಪಾಲಿನ ಅರ್ಧ ಸಾಲು

ನನ್ನ ಹೆಂಡತಿ ಗಯಾಬಾಯಿ ಬೀಸುವ ಪದ ಎತ್ತಿದರೆ ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಜಗಳವಾಡುವವರೂ ಸುಮ್ಮನಾಗುತ್ತಿದ್ದರು. ನನ್ನ ಜೊತೆಗಿನ ಜಗಳ ಮಾತ್ರ ನಿಲ್ಲುತ್ತಿರಲಿಲ್ಲ, ಆ ಮಾತು ಬೇರೆ. ೧೯೮೪ರಲ್ಲಿ ಸೊಲ್ಲಾಪುರದ ಒಂದು ಸ್ಟುಡಿಯೋದವರು ಅವಳ ಪದಗಳ ಕ್ಯಾಸೆಟ್ ಮಾಡುತ್ತೇವೆಂದು ಕರೆಸಿದರು. ಒಬ್ಬಳೇ ಬಂದರೆ ಸಾಕು ಎಂದರು.

ಅಲ್ಲೇ ಎಡವಟ್ಟಾಯಿತು. ಬೀಸುಕಲ್ಲಿಗೆ ಇಬ್ಬರು ಎದುರುಬದುರು ಕೂರುತ್ತಾರೆ. ಒಬ್ಬಳು ಅರ್ಧ ಸಾಲು ಎತ್ತಿದರೆ ಇನ್ನೊಬ್ಬಳು ಮುಗಿಸಬೇಕು. ಗಯಾಬಾಯಿಯ ಎದುರು ಕೂರುತ್ತಿದ್ದವಳು ಪಕ್ಕದ ಮನೆಯ ಕೇಶರಬಾಯಿ. ತನ್ನನ್ನು ಬಿಟ್ಟು ಹೊರಟಳೆಂದು ಅವಳು ಮಾತು ಬಿಟ್ಟಳು. ನೀನೂ ಬಾ ಎಂದು ಗಯಾಬಾಯಿ ಕರೆಯಲು ಹೋದರೆ ಬಾಗಿಲನ್ನೂ ತೆಗೆಯಲಿಲ್ಲ.

ಸ್ಟುಡಿಯೋದಲ್ಲಿ ಗಯಾಬಾಯಿ "ತವರಿನ ಬಾವ್ಯಾಗ ನೀರು ತುಂಬ್ಯಾವ" ಎಂದು ಎತ್ತಿ, ಸುಮ್ಮನೆ ಕುಳಿತಳು.

"ಮುಂದ ಹಾಡ್ರಿ ಬಾಯಿ!" ಎಂದ ಸ್ಟುಡಿಯೋ ಸಾಹೇಬ.

"ಮುಂದಿಂದು ನಂದಲ್ರಿ, ಕೇಶರಬಾಯಿದು. ಆಕಿ ಪಾಲಿಂದು ನಾ ಹ್ಯಾಂಗ ಹಾಡ್ಲಿ?"

ನಾನೂ ಬೈದೆ. ಕೇಳಿದರೆ ತಾನೇ? ಪ್ರತಿ ಸಾಲಿಗೂ ಕೇಶರಬಾಯಿಗೆ ಬೇಕಾದಷ್ಟು ಹೊತ್ತು ಬಾಯಿ ಮುಚ್ಚಿ, ಆಮೇಲೆ ಮುಂದಿನದನ್ನು ಎತ್ತುತ್ತಿದ್ದಳು. ಖಾಲಿ ಜಾಗಕ್ಕೆ ಹಾರ್ಮೋನಿಯಂ ತುಂಬುತ್ತೇನೆಂದ ಸಾಹೇಬ ತುಂಬಲೇ ಇಲ್ಲ.

ಕ್ಯಾಸೆಟ್ ಬಂತು. ಹುಮನಾಬಾದ್ ಬಸ್ ನಿಲ್ದಾಣದ ಕ್ಯಾಸೆಟ್ ಅಂಗಡಿಯ ಖಮರುದ್ದೀನನಿಗೆ ತಲೆ ಕೆಟ್ಟುಹೋಯಿತು. ಕೊಂಡ ಗಂಡಸರೆಲ್ಲ ಟೇಪು ಖರಾಬಾಗಿದೆ ಎಂದು ವಾಪಸ್ ತಂದರು. ಅವರಿಗೇನು ಗೊತ್ತು? ಚಿಟಗುಪ್ಪ, ಹುಲಸೂರಿನ ಹೆಂಗಸರು ಆ ಖಾಲಿ ಜಾಗದಲ್ಲಿ ತಮ್ಮ ತಮ್ಮ ಅರ್ಧ ಸಾಲು ಸೇರಿಸಿ ಹಾಡತೊಡಗಿದರು.

"ಸಿದ್ದಪ್ಪ, ಇನ್ನಷ್ಟು ತರಸ್ರಿ. ಹೆಣ್ಮಕ್ಕಳು ನನ್ನ ಜಾನ್ ತಿನ್ನಾಕತ್ತಾರ" ಎಂದು ಖಮರುದ್ದೀನ ನನಗೆ ಹೇಳಿಕಳಿಸಿದ. ನನಗೆ ಹಿಗ್ಗೇ ಹಿಗ್ಗು. ಗಯಾಬಾಯಿ ಮಾತ್ರ ಪಕ್ಕದ ಮನೆಯ ಬಾಗಿಲು ನೋಡುತ್ತ ಕೂರುತ್ತಿದ್ದಳು.

ಒಂದು ಬೆಳಿಗ್ಗೆ ಹಿಟ್ಟಿನ ಗಿರಣಿಯಲ್ಲಿ ಪಾಳಿಗೆ ನಿಂತಿದ್ದೆವು. ಕರೆಂಟು ಹೋಗಿತ್ತು. ಗಿರಣಿಯವನು ಸೆಲ್ಲಿನ ಟೇಪ್ ರೆಕಾರ್ಡರಿಗೆ ಇದೇ ಕ್ಯಾಸೆಟ್ ಹಾಕಿದ್ದ. ಕೇಶರಬಾಯಿಯೂ ಇದ್ದಳು, ನಮಗೆ ಬೆನ್ನು ಮಾಡಿಕೊಂಡು. "ನೀರು ತುಂಬ್ಯಾವ" ಎಂದು ಟೇಪಿನ ದನಿ ನಿಂತಿತು. ಪಾಳಿಯ ಹೆಂಗಸರು "ಅಣ್ಣನ ಎತ್ತು ಕುಡದಾವ" ಎಂದು ಮುಗಿಸಿದರು.

ಕೇಶರಬಾಯಿ ಗರ್ರನೆ ತಿರುಗಿದಳು. "ಎತ್ತು ಎಲ್ಲಿಂದ ತಂದ್ರಿ? ನನ್ನ ಪಾಲಿಂದು ಹಂಗಿಲ್ಲ!"

"ಮತ್ತ ಹ್ಯಾಂಗದ, ಹಾಡು" ಎಂದಳು ಗಯಾಬಾಯಿ.

"ಡಬ್ಬಿ ಎದುರು ನಾ ಹಾಡಂಗಿಲ್ಲ."

ಗಯಾಬಾಯಿ ಟೇಪು ಬಂದ್ ಮಾಡಿದಳು. ಜೋಳದ ಬುಟ್ಟಿಗಳನ್ನು ಸರಿಸಿ, ಅವಳೆದುರು ನೆಲಕ್ಕೆ ಕೂತು ತಾನೇ ಎತ್ತಿದಳು: "ತವರಿನ ಬಾವ್ಯಾಗ ನೀರು ತುಂಬ್ಯಾವ."

ಕೇಶರಬಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಕೂತಳು. "ತುಂಬಿದ ಕೊಡ ನನಗ ಯಾರು ಎತ್ತ್ಯಾರ" ಎಂದು ಮುಗಿಸಿ, ಮುಂದಿನ ಸಾಲಿಗೆ ಗಯಾಬಾಯಿಯ ಮುಖ ನೋಡಿದಳು.

ಕರೆಂಟು ಬಂತು. ಗಿರಣಿ ಚಾಲೂ ಮಾಡು ಎಂದು ಯಾರೂ ಅನ್ನಲಿಲ್ಲ.