ನೂರ ಹದಿನೈದು ಡಿಗ್ರಿ

"ಈಗ ಎಷ್ಟಾಯ್ತು?" ಅವಳು ಒಲೆಗೆ ಬೆನ್ನು ಹಾಕಿಕೊಂಡೇ ಕೇಳಿದಳು. ಎಣ್ಣೆ ಸವರಿದ ಟ್ರೇಯ ಮೇಲೆ ಕಾರ್ನ್‌ಫ್ಲೋರ್ ಜರಡಿ ಹಿಡಿಯುತ್ತಿದ್ದಳು.

"ನೂರ ಎಂಟು," ಎಂದ ಗಂಡ.

"ನಿಧಾನ ಅಲ್ವಾ?"

"ಹೂಂ. ನಿಧಾನಕ್ಕೇ ಏರ್ತಿದೆ."

ಅವನು ಕುದಿಯುವ ಸಕ್ಕರೆ ಪಾಕದ ಮೇಲೆ ಬಗ್ಗಿ, ಗಾಜಿನ ಥರ್ಮಾಮೀಟರನ್ನು ಎರಡೇ ಬೆರಳಲ್ಲಿ ಹಿಡಿದುಕೊಂಡಿದ್ದ. ಹತ್ತೊಂಬತ್ತು ವರ್ಷ ಸ್ಕೂಲ್ ಬಸ್ಸಿನ ಸ್ಟಿಯರಿಂಗ್ ಹಿಡಿದ ಕೈ ಅದು. ಅಡುಗೆಮನೆಯಲ್ಲಿ ಆ ಕೈಗೆ ಕೆಲಸ ಸಿಗುವುದೇ ಅಪರೂಪ. ಭಾನುವಾರ ಮಧ್ಯಾಹ್ನ ಹೆಂಡತಿ ಎಳೆದು ತಂದು ನಿಲ್ಲಿಸಿದ್ದಳು, ನಿಂತಿದ್ದ.

ಇದು ಎರಡನೆಯ ಸಲದ ಪಾಕ. ಮೊದಲನೆಯದನ್ನು ಶನಿವಾರ ಸಂಜೆ, ಅವನೇ ಡಿಗ್ರಿ ನೋಡಿ ಹೇಳಿದಂತೆ ಮಾಡಿ ಟ್ರೇಗೆ ಸುರಿದು ಬಟ್ಟೆ ಮುಚ್ಚಿಟ್ಟಿದ್ದರು. ಬೆಳಿಗ್ಗೆ ಮಗಳು ಬಟ್ಟೆ ಎತ್ತಿ ಬೆರಳಿಟ್ಟರೆ ಬೆರಳು ಒಳಗೇ ಹೋಯಿತು, ತೆಗೆದರೆ ಗೋಂದಿನ ಹಾಗೆ ಎಳೆ ಎಳೆಯಾಗಿ ಮೇಲೆ ಬಂತು. ಹುಡುಗಿ ಅತ್ತಿದ್ದು ಅಷ್ಟಿಷ್ಟಲ್ಲ. ಸೋಮವಾರಕ್ಕೆ ಅವಳಿಗೆ ಹತ್ತು ತುಂಬುತ್ತದೆ. ಅಪ್ಪನ ಬಸ್ಸಿನಲ್ಲೇ ಸ್ಕೂಲಿಗೆ ಹೋಗುವವಳು, ಬಸ್ಸಿನ ಮಕ್ಕಳಿಗೆಲ್ಲ "ನಮ್ಮಮ್ಮ ಮನೇಲೇ ಮಾರ್ಷ್‌ಮ್ಯಾಲೊ ಮಾಡಿಕೊಡ್ತಾಳೆ" ಎಂದು ಸಾರಿಬಿಟ್ಟಿದ್ದಳು. ಅಂಗಡಿಯ ಪೊಟ್ಟಣದಲ್ಲಿ ಬರುವ, ಅದುಮಿದರೆ ಪುಟಿಯುವ, ನಾಲಿಗೆ ಮೇಲೆ ಸದ್ದಿಲ್ಲದೆ ಕರಗುವ ಆ ಬಿಳಿ ಮಿಠಾಯಿಯನ್ನು ಯಾರಮ್ಮನೂ ಮನೆಯಲ್ಲಿ ಮಾಡಿದ್ದಿಲ್ಲ. ಮಾತು ಕೊಟ್ಟವಳು ಮಗಳು, ಬೆವರು ಸುರಿಸುವವಳು ತಾಯಿ. ಲೋಕ ನಡೆಯುವುದೇ ಹಾಗೆ.

ತಾಯಿ ಬೇಕರಿಯೊಂದರಲ್ಲಿ ಪ್ಯಾಕಿಂಗ್ ಕೆಲಸದವಳು. ಅಲ್ಲಿ ಮೂವತ್ತು ವರ್ಷ ಸಕ್ಕರೆ ಕಾಯಿಸಿದ ಹಿರಿಯಳೊಬ್ಬಳಿಂದ ಥರ್ಮಾಮೀಟರ್ ಕಡ ತಂದಿದ್ದಳು. ಕೊಡುವಾಗ ಅವಳು ಒಂದೇ ಮಾತು ಹೇಳಿದ್ದಳು. "ನೂರ ಹದಿನೈದು, ನೆನಪಿಟ್ಕೊ. ಕಡಿಮೆಯಾದ್ರೆ ಅಂಟು, ಜಾಸ್ತಿಯಾದ್ರೆ ರಬ್ಬರು. ಜೆಲಟಿನ್ ನೆನೆಸಿ ಪಕ್ಕದಲ್ಲಿ ಇಟ್ಕೊಂಡಿರು. ಪಾಕ ಕಾಯಲ್ಲ ಯಾರಿಗೂ."

ಪಾಕವನ್ನು ಹೆಪ್ಪುಗಟ್ಟಿಸುವ ಜೆಲಟಿನ್ ಪುಡಿ ತಣ್ಣೀರಿನಲ್ಲಿ ನೆನೆದು ಉಬ್ಬಿ ಬೋಗುಣಿಯಲ್ಲಿ ಕೂತಿತ್ತು. ಬೀಟರಿನ ವೈರು ಸಿಕ್ಕಿಸಿ ಆಗಿತ್ತು. ಅಷ್ಟರಲ್ಲಿ ಅವಳ ಮೂಗಿಗೆ ವಾಸನೆ ಬಡಿಯಿತು. ಸಕ್ಕರೆ ಸೀಯುವ ಮುಂಚೆ ಬರುವ ವಾಸನೆ. ತಿರುಗಿ ನೋಡಿದರೆ ಗುಳ್ಳೆಗಳು ದಪ್ಪಗಾಗಿ, ಪಾಕ ಜೇನಿನ ಬಣ್ಣಕ್ಕೆ ಹೊರಳಿತ್ತು. ಅವನು ಇನ್ನೂ ಬಗ್ಗಿಕೊಂಡು ನೋಡುತ್ತಲೇ ಇದ್ದ.

ಅವಳು ಒಲೆ ಆರಿಸಿ ಥರ್ಮಾಮೀಟರ್ ನೋಡಿದಳು. "ರೀ, ಇದು ನೂರ ಅರವತ್ತು."

"ಹೌದಾ? ಈಗ ತಾನೆ ನೂರ ಎಂಟಿತ್ತಲ್ಲ." ಅವನು ಕಣ್ಣು ಒರೆಸಿಕೊಂಡ. "ಹಬೆ ನೋಡು, ಸರಿಯಾಗಿ ಕಾಣಲಿಲ್ಲ."

"ನಿನ್ನೆನೂ ಹಬೇನಾ?"

"ಪುಟ್ಟಿ ಇದ್ದಿದ್ರೆ ಓದ್ತಿದ್ಲು. ಎಲ್ಲಿ ಹೋದ್ಲು ಅವಳು?"

ಪುಟ್ಟಿ ಮೇಲಿನ ಮನೆಯ ಗೆಳತಿಯ ಹತ್ತಿರ ಹೋಗಿದ್ದಳು. ಹಬೆಯ ಮಾತನ್ನು ಬೇಕಾದರೆ ತಾಯಿ ನಂಬಿಬಿಡುತ್ತಿದ್ದಳು, ಆದರೆ ಪುಟ್ಟಿ ಓದುವ ಈ ಮಾತು ಮುಳ್ಳಿನ ಹಾಗೆ ಚುಚ್ಚಿತು. ಎಷ್ಟೋ ತಿಂಗಳಿಂದ ಈ ಮನೆಯಲ್ಲಿ ಎಲ್ಲವನ್ನೂ ಪುಟ್ಟಿಯೇ ಓದುತ್ತಿದ್ದಾಳೆ. ಪತ್ರಿಕೆ ಬಂದರೆ "ಪುಟ್ಟಿ, ತಪ್ಪಿಲ್ಲದೆ ಓದು ನೋಡೋಣ." ಮಾತ್ರೆಯ ಪಟ್ಟಿ ಕೈಗೆ ಬಂದರೂ ಅದೇ. ಮಗಳಿಗೆ ಅಪ್ಪ ಓದು ಕಲಿಸುತ್ತಾನೆ ಎಂದು ಇವಳು ಬೇಕರಿಯಲ್ಲಿ ಜಂಬ ಬೇರೆ ಕೊಚ್ಚಿಕೊಂಡಿದ್ದಳು.

ಕಪಾಟಿನಿಂದ ಒಂದು ಸಣ್ಣ ಪೊಟ್ಟಣ ತೆಗೆದು ಅವನ ಕೈಗೆ ಕೊಟ್ಟಳು. "ಇದರ ಮೇಲೆ ಏನಿದೆ ಓದಿ."

"ಏನಿದು, ಪರೀಕ್ಷೆನಾ?"

"ಓದಿ ಅಂದೆ."

ಅವನು ಪೊಟ್ಟಣವನ್ನು ಮುಖದ ಹತ್ತಿರ ತಂದ. ಕತ್ತನ್ನು ಓರೆ ಮಾಡಿ, ಕಣ್ಣಂಚಿನಿಂದ ಏನನ್ನೋ ಹುಡುಕುವವನ ಹಾಗೆ ಆಚೀಚೆ ಆಡಿಸಿದ. "ಜೆಲಟಿನ್," ಎಂದ ಕೊನೆಗೆ.

"ಸೋಡಾಪುಡಿ ರೀ ಅದು."

ಅವನು ಪೊಟ್ಟಣವನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟು ಸ್ಟೂಲು ಎಳೆದುಕೊಂಡು ಕೂತ. ಪಾಕ ಪಾತ್ರೆಯಲ್ಲಿ ತಣಿದು ಗಟ್ಟಿಯಾಗುತ್ತಿತ್ತು.

"ನಡುವೆ ಒಂದು ಮಚ್ಚೆ ಇದೆ," ಎಂದ. "ಯಾವುದನ್ನ ನೋಡಿದ್ರೂ ಅದರ ಮೇಲೇ ಕೂರುತ್ತೆ. ಸುತ್ತ ಎಲ್ಲ ಕಾಣುತ್ತೆ ಕಣೇ. ಗೋಡೆ, ಬಾಗಿಲು, ರಸ್ತೆ, ಎಲ್ಲಾ."

"ಯಾವಾಗಿಂದ?"

"ಏಳು ತಿಂಗಳಾಯ್ತು. ಕಣ್ಣಿನ ಡಾಕ್ಟರ ಹತ್ರ ಹೋಗಿದ್ದೆ. ಕನ್ನಡಕದಿಂದ ಸರಿಹೋಗಲ್ಲ, ಒಳಗಿನ ಪರದೆ ಸವೀತಾ ಇದೆ ಅಂದ್ರು."

"ಗಾಡಿ ಓಡಿಸಬಹುದು ಅಂದ್ರಾ?"

ಅವನು ಅಂಗೈ ನೋಡಿಕೊಂಡ. ಉತ್ತರ ಅದೇ ಆಗಿತ್ತು.

ಅವಳಿಗೆ ಭಯಕ್ಕಿಂತ ಮೊದಲು ಬಂದಿದ್ದು ಸಿಟ್ಟು. ಏಳು ತಿಂಗಳು ಒಂದೇ ಹಾಸಿಗೆಯಲ್ಲಿ ಮಲಗಿ, ಒಂದೇ ತಟ್ಟೆಯಿಂದ ಕಿತ್ತು ತಿಂದು, ತನ್ನ ಕಣ್ಣಿಗೇ ಮಣ್ಣೆರಚಿದನಲ್ಲ ಎಂಬ ಸಿಟ್ಟು. "ಮೂವತ್ತೆರಡು ಮಕ್ಕಳು ರೀ," ಎಂದಳು. "ಅದ್ರಲ್ಲಿ ಒಂದು ನಮ್ಮದು."

"ಆ ದಾರಿ ನನ್ನ ಕೈಗೇ ಗೊತ್ತು. ಹತ್ತೊಂಬತ್ತು ವರ್ಷದಲ್ಲಿ ಒಂದು ಗೀರು ಬಿದ್ದಿಲ್ಲ."

"ದಾರಿ ಗೊತ್ತಿರುತ್ತೆ. ದಾರೀಲಿ ಅಡ್ಡ ಬರೋ ಮಗು ಗೊತ್ತಿರುತ್ತಾ? ಅಟ್ಟ ಮೇಲೆ ಒಲೆ ಉರೀತು, ಕೆಟ್ಟ ಮೇಲೆ ಬುದ್ಧಿ ಬಂತು ಅನ್ನೋ ಹಾಗೆ ಆಗಬೇಕಾ? ನಾಳೇನೇ ಸ್ಕೂಲ್ ಬಸ್ಸಿನ ಇನ್‌ಚಾರ್ಜಿಗೆ ಹೇಳಿಬಿಡಿ."

"ಹೇಳ್ತೀನಿ." ಅವನು ತಲೆಯೆತ್ತಲಿಲ್ಲ. "ಆದ್ರೆ ನಾಳೆ ಒಂದು ದಿನ ಬಿಡು. ಮಗು ಹುಟ್ಟಿದ ದಿನ. ಅಪ್ಪನ ಬಸ್ಸಲ್ಲಿ ಎಲ್ಲರಿಗೂ ಹಂಚಬೇಕು ಅಂತ ಕುಣೀತಿದ್ದಾಳೆ. ಸಂಜೆ ಟ್ರಿಪ್ ಮುಗಿಸಿ ನಾನೇ ಹೋಗಿ ಹೇಳ್ತೀನಿ. ಬಸ್ಸು ಬಿಟ್ರೆ ನಾನ್ಯಾರು ಹೇಳು? ಮಕ್ಕಳ ದನಿ ಮೇಲೇ ಯಾರು ಹತ್ತಿದ್ರು, ಯಾರು ಬಂದಿಲ್ಲ ಅಂತ ಹೇಳೋನು ನಾನು."

ಬೇಡ ಎನ್ನಬೇಕಿತ್ತು. ಅವಳು ಅನ್ನಲಿಲ್ಲ. ನುಂಗಿದರೂ ಕಷ್ಟ ಉಗುಳಿದರೂ ಕಷ್ಟ, ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವಳ ಹಾಗೆ ನಿಂತು, ಸೀದ ಪಾಕದ ಪಾತ್ರೆಗೆ ನೀರು ಸುರಿದಳು. ಆಮೇಲೆ ಹೊಸದಾಗಿ ಸಕ್ಕರೆ ಅಳೆದಳು.

ಮೂರನೆಯ ಪಾಕವನ್ನು ಅವಳೇ ನೋಡಿಕೊಂಡಳು. ನೂರ ಹನ್ನೆರಡು, ನೂರ ಹದಿನಾಲ್ಕು. ಕೆಂಪು ಗೆರೆ ನೂರ ಹದಿನೈದು ಮುಟ್ಟಿದ ಕ್ಷಣವೇ ಇಳಿಸಿ, ಜೆಲಟಿನ್ ಮೇಲೆ ಸಣ್ಣ ಧಾರೆಯಾಗಿ ಸುರಿದಳು. ಬೀಟರನ್ನು ಅವನೇ ಕೇಳಿ ತೆಗೆದುಕೊಂಡ. ನೀರುನೀರಾಗಿದ್ದದ್ದು ಮೊದಲು ನೊರೆಯಾಯಿತು, ಆಮೇಲೆ ಹಾಲಿನಂತೆ ಬೆಳ್ಳಗಾಯಿತು, ಹತ್ತು ಹನ್ನೆರಡು ನಿಮಿಷಕ್ಕೆ ಬೋಗುಣಿಯ ಅಂಚಿನವರೆಗೆ ಉಬ್ಬಿ ಬಂತು. "ಈಗ ಗಟ್ಟಿಯಾಯ್ತು," ಎಂದ ಅವನು, ನೋಡದೆಯೇ. ಬೀಟರಿನ ಸದ್ದು ಭಾರವಾಗಿದ್ದು ಅವನಿಗೆ ಕೇಳಿಸಿತ್ತು. ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಅವಳಿಗೆ ಅಳು ಬಂತು, ವೆನಿಲ್ಲಾ ಹುಡುಕುವ ನೆಪದಲ್ಲಿ ಮುಖ ತಿರುಗಿಸಿಕೊಂಡಳು.

ಸೋಮವಾರ ಬೆಳಗ್ಗೆ ಟ್ರೇ ಬೋರಲು ಹಾಕಿದರೆ ಅಚ್ಚಬಿಳಿ ಹಾಸು ಇಡಿಯಾಗಿ ಬಿತ್ತು. ಎಣ್ಣೆ ಹಚ್ಚಿದ ಚಾಕುವಿನಿಂದ ಚೌಕ ಚೌಕವಾಗಿ ಕತ್ತರಿಸಿ, ಸಕ್ಕರೆ ಪುಡಿಯಲ್ಲಿ ಹೊರಳಿಸಿ ಡಬ್ಬಿಗೆ ತುಂಬಿದಳು. ಅವನು ಒಂದು ಚೂರು ಬಾಯಿಗೆ ಹಾಕಿಕೊಂಡು, ಎಂಜಿನ್ ಬಿಸಿ ಮಾಡುತ್ತೇನೆಂದು ಮೊದಲೇ ಹೊರಟ. ಬಸ್ಸು ನಿಲ್ಲುವುದು ಬೀದಿಯ ಕೊನೆಯ ಬಯಲಿನಲ್ಲಿ. ಮಗಳು ಸಮವಸ್ತ್ರ ಹಾಕಿಕೊಂಡು ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಬಾಗಿಲಲ್ಲಿ ನಿಂತಳು.

"ಇವತ್ತು ಬಸ್ ಬೇಡ ಪುಟ್ಟಿ," ಎಂದಳು ತಾಯಿ. "ನಾನೇ ಕರ್ಕೊಂಡು ಹೋಗಿ ಬಿಡ್ತೀನಿ. ಡಬ್ಬಿ ಸ್ಕೂಲಲ್ಲೇ ಹಂಚು."

ರಾತ್ರಿಯೆಲ್ಲ ಹೊರಳಾಡಿ ಅವಳು ಕಂಡುಕೊಂಡ ಉಪಾಯ ಇಷ್ಟೇ. ತನ್ನದೊಂದನ್ನು ಇಳಿಸಿಕೊಂಡರೆ ಉಳಿದ ಮೂವತ್ತೊಂದನ್ನು ಯಾರು ನೋಡಬೇಕು ಎಂಬ ಪ್ರಶ್ನೆ ಅವಳಿಗೆ ಬರಲಿಲ್ಲವೆಂದಲ್ಲ. ಬಂದಿತ್ತು. ಅದನ್ನು ಒಳಗೇ ಅದುಮಿ ಕೂರಿಸಿದ್ದಳು. ತಾಯಂದಿರ ಹೊಟ್ಟೆಯಲ್ಲಿ ಇಂಥ ಕಳ್ಳತನಕ್ಕೂ ಜಾಗ ಇರುತ್ತದೆ.

"ಆಗಲ್ಲಮ್ಮ," ಎಂದಳು ಮಗಳು. "ಮುಂದಿನ ಸೀಟಲ್ಲಿ ನಾನಿರಲೇಬೇಕು."

"ಯಾಕೆ?"

"ಸಿಗ್ನಲ್ ಕೆಂಪಾ ಹಸಿರಾ ಹೇಳಬೇಕಲ್ಲ. ಯಾರಾದ್ರೂ ಅಡ್ಡ ಬಂದ್ರೂ ನಾನೇ ಹೇಳೋದು." ಹುಡುಗಿ ನಾಲಿಗೆ ಕಚ್ಚಿಕೊಂಡಳು. "ಅದು ನಮ್ಮಿಬ್ಬರ ಆಟ. ನಿಂಗೆ ಹೇಳಬಾರದು ಅಂತ ಅಪ್ಪ ಹೇಳಿದ್ರು. ಹೇಳಿಬಿಟ್ಟೆ ನೋಡು."

ತಾಯಿ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಯಾವತ್ತಾದ್ರೂ ಹೇಳೋಕೆ ಮರ್ತಿದ್ದೀಯಾ?"

"ಒಂದೇ ಸಲ. ಹಿಂದಿನ ಸೀಟಿನವಳ ಹತ್ರ ಮಾತಾಡ್ತಿದ್ದೆ. ಒಬ್ಬರು ತಾತ ರಸ್ತೆ ದಾಟ್ತಿದ್ರು. ನಾನು ಕಿರುಚಿದೆ, ಅಪ್ಪ ಬ್ರೇಕ್ ಹಾಕಿದ್ರು. ತಾತ ಬಿದ್ದುಬಿಟ್ರು, ಆದ್ರೆ ಬಸ್ಸು ತಾಗಲಿಲ್ಲ. ಎದ್ದು ಹೋದ್ರು." ಹುಡುಗಿ ಡಬ್ಬಿಯನ್ನು ಇನ್ನಷ್ಟು ಒತ್ತಿ ಹಿಡಿದಳು. "ನಂದೇ ತಪ್ಪು ಅಮ್ಮ. ಆವತ್ತಿಂದ ನಾನು ಯಾರ ಹತ್ರಾನೂ ಮಾತಾಡಲ್ಲ."

ತಾಯಿ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಎದ್ದು ಗೂಟದಲ್ಲಿದ್ದ ಸ್ವೆಟರು ಸಿಕ್ಕಿಸಿಕೊಂಡಳು. "ನೀನು ಇಲ್ಲೇ ಇರು. ನಾನು ಬರೋ ತನಕ ಹೊಸಿಲು ದಾಟಬೇಡ," ಎಂದು ಹೇಳಿ ಬೀದಿಗಿಳಿದಳು. ಮೊದಲು ನಡೆದಳು, ಆಮೇಲೆ ಓಡಿದಳು.

ಬಯಲಿನಲ್ಲಿ ಬಸ್ಸು ಗುರುಗುಟ್ಟುತ್ತ ನಿಂತಿತ್ತು. ಹಳದಿ ಮೈ ತೊಳೆದು ಒರೆಸಿದ್ದ. ಮುಂದಿನ ಗಾಜಿಗೆ ಮಗಳಿಗಾಗಿ ಎರಡು ಬಣ್ಣದ ಬಲೂನು ಕಟ್ಟಿದ್ದ. ಅದನ್ನು ನೋಡಿ ಅವಳ ಕಾಲು ಒಂದು ಗಳಿಗೆ ತಡವರಿಸಿತು. ಬಾಗಿಲಿಗೆ ಹೋಗಿ ಹತ್ತಿ ಮಾತಾಡಿದರೆ ಮತ್ತೆ ಕರಗಿಹೋಗುತ್ತೇನೆ ಎಂದು ಅವಳಿಗೆ ಗೊತ್ತಿತ್ತು. ಹತ್ತಲಿಲ್ಲ. ಬಸ್ಸಿನಿಂದ ಹದಿನೈದು ಹೆಜ್ಜೆ ಮುಂದೆ, ರಸ್ತೆಗೆ ಹೊರಳುವ ಜಾಗದಲ್ಲಿ, ನೇರ ಎದುರಿಗೆ ಹೋಗಿ ನಿಂತಳು.

ಸ್ಟಿಯರಿಂಗ್ ಹಿಂದೆ ಅವನ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ಅವನೂ ಇತ್ತಲೇ ನೋಡುತ್ತಿದ್ದ. ಕತ್ತು ಸ್ವಲ್ಪ ಓರೆಯಾಯಿತು. ಹಾರ್ನ್ ಒಂದು ಸಲ ಮೆತ್ತಗೆ ಕೂಗಿತು. ಅವಳು ಕದಲಲಿಲ್ಲ. ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಯಾರಮ್ಮ ಅದು?" ಎಂದು ಕೂಗಿದ, ಒಳ್ಳೆಯ ಮಾತಿನಲ್ಲೇ. "ಸ್ವಲ್ಪ ಪಕ್ಕಕ್ಕೆ ಬನ್ನಿ. ಮಕ್ಕಳು ಕಾಯ್ತಿರ್ತಾರೆ."

ಅವಳ ಕಣ್ಣಿನಿಂದ ನೀರು ತಾನಾಗಿಯೇ ಇಳಿಯಿತು. ಒರೆಸಿಕೊಳ್ಳದೆ ಅಲ್ಲೇ ನಿಂತಳು.

"ಏನಾದ್ರೂ ಬೇಕಿತ್ತಾ ನಿಮಗೆ?"

ಬಾಗಿಲು ತೆರೆದ ಸದ್ದಾಯಿತು. ಅವನು ಇಳಿದು, ಬಸ್ಸಿನ ಮೈಮೇಲೆ ಅಂಗೈ ಆಡಿಸುತ್ತ ಮುಂದಕ್ಕೆ ಬಂದ. ಬಂಪರು ಮುಗಿದ ಮೇಲೆ ಕೈಗೆ ಏನೂ ಸಿಗಲಿಲ್ಲ, ಹೆಜ್ಜೆ ಸಣ್ಣದಾಯಿತು. ಹತ್ತು ಹೆಜ್ಜೆ, ಎಂಟು ಹೆಜ್ಜೆ. ಅವನ ಮುಖದಲ್ಲಿ ಅಪರಿಚಿತರಿಗೆ ಇಟ್ಟುಕೊಂಡ ಸಣ್ಣ ನಗೆ ಹಾಗೇ ಇತ್ತು. ಕೈಚಾಚಿದರೆ ಸಿಗುವಷ್ಟು ಹತ್ತಿರ ಬಂದಾಗ ಆ ನಗೆ ನಿಂತುಹೋಯಿತು.

"ನೀನಾ?"

"ನಾನೇ."

ಎಂಜಿನ್ ಒಂದೇ ಸಮ ಗುರುಗುಟ್ಟುತ್ತಿತ್ತು. ಅವನು ತಿರುಗಿ, ತಾನು ಎಲ್ಲಿಂದ ನಡೆದು ಬಂದೆನೋ ಆ ಕಡೆ ನೋಡಿದ. ಮತ್ತೆ ಅವಳ ಕಡೆ ತಿರುಗಿದ. ಆ ದೂರವನ್ನು ಮನಸ್ಸಿನಲ್ಲೇ ಅಳೆದನೋ ಏನೋ. ವಾಪಸು ಹೋಗಿ ಬಸ್ಸು ಹತ್ತಿ ಎಂಜಿನ್ ಆರಿಸಿದ. ಬಯಲು ಇದ್ದಕ್ಕಿದ್ದಂತೆ ನಿಶ್ಶಬ್ದವಾಯಿತು. ಅವಳು ಹೋಗಿ ಬಸ್ಸಿನ ಮೆಟ್ಟಿಲ ಮೇಲೆ ಕೂತಳು. ಅವನೂ ಇಳಿದು ಬಂದು ಪಕ್ಕದಲ್ಲಿ ಕೂತ. ಅವನ ಭುಜ ಅವಳ ಭುಜಕ್ಕೆ ತಾಗಿತು.

ಅವನ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಅವನು ತೆಗೆದು, ಬೆಳಗುತ್ತಿದ್ದ ಪರದೆಯನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡ. ಆಮೇಲೆ ಅವಳ ಕಡೆ ಚಾಚಿದ.

"ಯಾರದು ಅಂತ ಓದು," ಎಂದ. "ನಂಗೆ ಕಾಣ್ತಿಲ್ಲ."