ಸೋಮವಾರದ ನೊಗ

"ಕೆಳಗ ಇಳೀಬೇ! ತುಳದ ಹುಲ್ಲು ಎತ್ತು ಮೂಸೂದೂ ಇಲ್ಲ."

ಶಂಕ್ರಪ್ಪನ ಬೈಗುಳ ಅರುಣಾಳಿಗೆ ಹೊಸದಲ್ಲ. ಲಾಕ್‌ಡೌನ್ ಆಗಿ ಧಾರವಾಡದ ಹಾಸ್ಟೆಲ್ ಮುಚ್ಚಿದ ಮೇಲೆ ಅವಳ ಎಂ.ಎ. ಕ್ಲಾಸೆಲ್ಲ ಇವನ ಬಣವೆಯ ನೆತ್ತಿಯ ಮೇಲೇ ನಡೆದಿತ್ತು. ಕಾಡಂಚಿನ ಊರು ತಂಬೂರಿನಲ್ಲಿ ಮೊಬೈಲಿಗೆ ಎರಡು ಕಡ್ಡಿ ಸಿಗ್ನಲ್ ಮೂಡುವುದು ಅಷ್ಟು ಎತ್ತರದಲ್ಲಿ ಮಾತ್ರ. ದಿನಾ ಬೈಯುವ ಶಂಕ್ರಪ್ಪ ಏಣಿಯನ್ನೇನೂ ತೆಗೆದಿಡುತ್ತಿರಲಿಲ್ಲ.

ತೊಂದರೆ ಮಾಡಿದ್ದು ಎತ್ತುಗಳು. ಎರಡೂ ಸೇರಿ ದಿನಕ್ಕಿಷ್ಟರಂತೆ ಅವಳ ಕ್ಲಾಸನ್ನು ತಿಂದು, ಜೂನ್ ಹೊತ್ತಿಗೆ ಬಣವೆಯನ್ನು ಎದೆಮಟ್ಟಕ್ಕೆ ಇಳಿಸಿದ್ದವು. ಇವತ್ತು ಹನ್ನೊಂದಕ್ಕೆ ಕೊನೆಯ ಮೌಖಿಕ ಪರೀಕ್ಷೆ. ತಪ್ಪಿದರೆ ವರ್ಷವೇ ಹೋಯಿತು. ಕಲಘಟಗಿಗೆ ಹೋಗೋಣವೆಂದರೆ ಬಸ್ಸಿಲ್ಲ. ತುದಿಗಾಲಲ್ಲಿ ನಿಂತು ಫೋನೆತ್ತಿದರೂ ಒಂದು ಕಡ್ಡಿಯೂ ಮೂಡದಾಗ ಅವಳಿಗೆ ಅಳು ಬಂತು.

"ಕಾಕಾ, ಎತ್ತು ಹೂಡಿ ಚಕ್ಕಡಿ ಆ ದಿಬ್ಬದ ಮ್ಯಾಲ ನಿಂದರಸ್ರಿ. ಬರೇ ದಿಬ್ಬದ ಎತ್ತರ ಸಾಲೂದಿಲ್ರಿ, ಚಕ್ಕಡಿ ಹತ್ತಿ ನಿಂತರ ಸಿಗ್ನಲ್ ಸಿಗತೈತ್ರಿ. ಅರ್ಧಾ ತಾಸು ಸಾಕು."

ಹೇಳಿದವಳೇ ನಾಲಿಗೆ ಕಚ್ಚಿಕೊಂಡಳು. ಇವತ್ತು ಸೋಮವಾರ. ಮೈ ತೊಳೆಸಿಕೊಂಡು, ಹಣೆಗೆ ವಿಭೂತಿ ಹಚ್ಚಿಸಿಕೊಂಡ ಎತ್ತುಗಳು ಬೇವಿನ ನೆರಳಲ್ಲಿ ನಿಂತಿದ್ದವು. ಸೋಮವಾರ ಎತ್ತು ಹೂಡುವವರು ಊರಲ್ಲೇ ಇಲ್ಲ, ಶಂಕ್ರಪ್ಪನ ಮನೆತನದಲ್ಲಂತೂ ಇಲ್ಲವೇ ಇಲ್ಲ.

"ಸೋಮಾರ ಬಸವಣ್ಣನ ಹೆಗಲ ಮ್ಯಾಲ ನೊಗಾ ಇಡಂತೀ? ಇದನ್ನ ಏನ ಕಲತದ್ದು ನೀ?"

"ತಪ್ಪಾತ್ರಿ." ಅರುಣಾ ಬಣವೆಯಿಂದ ಜಾರಿ ಇಳಿದಳು. "ಇರ್ಲಿ ಬಿಡ್ರಿ. ನಾಳಿಂದ ನಾನೂ ಅವ್ವನ ಕೂಡ ನಿಮ್ಮ ಹೊಲಕ್ಕ ಕಳೆ ತಗ್ಯಾಕ ಬರತೇನ್ರಿ."

ಶಂಕ್ರಪ್ಪ ಎತ್ತುಗಳ ಕಡೆ ನೋಡಿದ, ಅವಳ ಕೈಯ ಫೋನಿನ ಕಡೆ ನೋಡಿದ. ಆಮೇಲೆ ರುಮಾಲು ಬಿಚ್ಚಿ, ಮಡಿಸಿ ಹೆಗಲಿಗಿಟ್ಟುಕೊಂಡು ಚಕ್ಕಡಿಯ ನೊಗಕ್ಕೆ ತಾನೇ ಹೆಗಲು ಕೊಟ್ಟ.

"ಅಯ್ಯ ಕಾಕಾ, ನೀವ್ಯಾಕ್ರಿ..."

"ಸೋಮಾರ ಎತ್ತಿಗೈತಿ, ನನಗಿಲ್ಲ. ಹಿಂದಿಂದ ದಬ್ಬಬೇ."

ಸಣ್ಣ ದಿಬ್ಬವಾದರೂ ಏರುವಷ್ಟರಲ್ಲಿ ಅರವತ್ತು ದಾಟಿದ ಮನುಷ್ಯನಿಗೆ ಉಸಿರು ಸಿಕ್ಕಿಹಾಕಿಕೊಂಡಿತು. ಮೇಲೆ ಬಂದ ಮೇಲೆ ಇನ್ನೊಂದು ಪಜೀತಿ. ಎತ್ತಿಲ್ಲದ ಚಕ್ಕಡಿ ಮುಂದಕ್ಕೆ ಮುಗ್ಗರಿಸುತ್ತದೆ. ಆನಿಸಿ ನಿಲ್ಲಿಸುವ ಕೋಲು ಕೆಳಗೇ ಉಳಿದಿತ್ತು. ಹನ್ನೊಂದಕ್ಕೆ ಎರಡೇ ನಿಮಿಷ.

"ಹತ್ತ, ನಾ ಹಿಡದೇನಿ" ಎಂದ ಶಂಕ್ರಪ್ಪ ನೊಗ ಇಳಿಸಲೇ ಇಲ್ಲ.

ಅರುಣಾ ಚಕ್ಕಡಿ ಹತ್ತಿ ನಿಂತಳು. ಎರಡು ಕಡ್ಡಿ ಮೂಡಿತು, ಪರೀಕ್ಷಕರ ಮುಖವೂ ಮೂಡಿತು.

"ಫೋನ್ ಅಲುಗಾಡ್ತಿದೆ, ಸ್ವಲ್ಪ ಸ್ಥಿರವಾಗಿ ಹಿಡೀರಿ. ಹೊಲದ ಕೂಲಿ ಹೆಂಗಸರ ಬಗ್ಗೆ ಪ್ರಬಂಧ ಬರೆದಿದ್ದೀರಿ. ಅವರನ್ನ ಎಲ್ಲಿ ಭೇಟಿಯಾದ್ರಿ?"

ಕೆಳಗೆ ಶಂಕ್ರಪ್ಪ ಎರಡೂ ಕಾಲು ಅಗಲಿಸಿ ಊರಿ, ಉಸಿರು ಬಿಗಿಹಿಡಿದ. ಚಕ್ಕಡಿ ಅಲುಗಾಡುವುದು ನಿಂತಿತು.

"ಮನೆಯಲ್ಲೇ, ಸರ್. ಮೊದಲನೆಯವರು ನಮ್ಮವ್ವ" ಎಂದು ಅರುಣಾ ಶುರು ಮಾಡಿದಳು.

ಬೇವಿನ ಕೆಳಗೆ ಎತ್ತುಗಳೆರಡೂ ಮೆಲುಕು ಹಾಕುವುದನ್ನು ಬಿಟ್ಟು, ನೊಗ ಹೊತ್ತು ನಿಂತ ಯಜಮಾನನನ್ನೇ ನೋಡುತ್ತಿದ್ದವು.